ಬದುಕಿರುವ ಸೋದರಮಾವ

ಪರದೇಶದ ಅತಿಥಿಗಳು ಬರುವ ದಿನ ನಮ್ಮ ಶಾಲೆಯಲ್ಲಿ ಪಾಠ ಇರುವುದಿಲ್ಲ. ಹಿಂದಿನ ದಿನವೂ ಇರುವುದಿಲ್ಲ, ಯಾಕೆಂದರೆ ಅಂಗಳ ಗುಡಿಸಬೇಕು, ದಾರಿಯ ಕಲ್ಲುಗಳಿಗೆ ಸುಣ್ಣ ಬಳಿಯಬೇಕು, ಹಾಡು ತಿದ್ದಬೇಕು. ಮಾರನೆಯ ದಿನವೂ ಇರುವುದಿಲ್ಲ, ಯಾಕೆಂದರೆ ಮಕ್ಕಳು ಅವರು ಕೊಟ್ಟ ಸಿಹಿ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿರುತ್ತಾರೆ. ಉಳಿದ ದಿನಗಳಲ್ಲಿ ನಾನು ಎಂಟನೇ ತರಗತಿಗೆ ಗಣಿತ ಕಲಿಸಬೇಕಿತ್ತು. ಕಲಿಸುತ್ತಿದ್ದೆ. ಹಲ್ಲು ಕಚ್ಚಿಕೊಂಡು ಕಲಿಸುತ್ತಿದ್ದೆ.

ನಾನು ಎಸ್ನಾತಿ. ಮಲಾವಿ ಸರೋವರದ ದಂಡೆಯಲ್ಲೇ ಹುಟ್ಟಿ ಅಲ್ಲೇ ಟೀಚರಾದವಳು. ಶಾಲೆ ‘ಕರುಣೆಯ ಚಿಲುಮೆ’ ಎಂಬ ಅನಾಥಾಲಯದ್ದು, ಅದನ್ನು ನಡೆಸುವವರು ಪಾಸ್ಟರ್ ನ್ಯಿರೊಂಗೊ. ನಾವೆಲ್ಲ ಅದನ್ನು ಹೋಮ್ ಅಂತಲೇ ಕರೆಯುವುದು. ನಾನೂ ಚರ್ಚಿಗೆ ಹೋಗುವವಳೇ, ಭಾನುವಾರ ತಪ್ಪಿಸಿದವಳಲ್ಲ, ಆದ್ದರಿಂದ ನನ್ನ ಸಿಟ್ಟು ದೇವರ ಮೇಲೆ ಅಂತ ಯಾರೂ ತಿಳಿಯಬೇಡಿ. ಹೋಮ್‌ನಲ್ಲಿ ಎರಡು ಹೊತ್ತು ನ್ಸಿಮಾ ಮುದ್ದೆ ಸಿಗುತ್ತದೆ, ಜ್ವರ ಬಂದರೆ ಮಾತ್ರೆ ಸಿಗುತ್ತದೆ, ಮಲಗಲು ಸೊಳ್ಳೆಪರದೆ ಇದೆ. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಮುದ್ದೆ ಇಟ್ಟವನಿಗೆ ಮಗುವಿನ ಬಾಯಿಯೂ ತನ್ನದೇ ಅನ್ನಿಸಿಬಿಟ್ಟರೆ ಏನು ಮಾಡುವುದು?

ನನ್ನ ತರಗತಿಯಲ್ಲಿ ಮಲಿತಾ ಎಂಬ ಹುಡುಗಿ ಇದ್ದಳು. ನಾನು ಹಲಗೆಯ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿ, ಪಕ್ಕದವಳಿಗೂ ಹೇಳಿಕೊಟ್ಟು, ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದಳು. ಇಂಥ ತಲೆ ನನ್ನ ಕೈಗೆ ಹಿಂದೆ ಸಿಕ್ಕಿರಲಿಲ್ಲ. ಎಂಟನೇ ತರಗತಿಯ ಸರ್ಕಾರಿ ಪರೀಕ್ಷೆ ಒಂದು ದಾಟಿದರೆ ಅವಳಿಗೆ ಒಳ್ಳೆಯ ಹೈಸ್ಕೂಲಿನ ಬಾಗಿಲು ತೆರೆಯುತ್ತಿತ್ತು. ಅವಳ ದುರದೃಷ್ಟವೆಂದರೆ ದೇವರು ಅವಳಿಗೆ ಕಂಠವನ್ನೂ ಕೊಟ್ಟಿದ್ದ.

ಹಾಡು ಮುಗಿದ ಮೇಲೆ ಅತಿಥಿಗಳ ಮುಂದೆ ಸಾಕ್ಷಿ ಹೇಳುವವಳೂ ಅವಳೇ. ಸಾಕ್ಷಿ ಬರೆದುಕೊಟ್ಟವರು ಪಾಸ್ಟರ್. ‘ನನ್ನ ತಂದೆ ಸತ್ತರು, ತಾಯಿ ಸತ್ತರು, ಈ ಲೋಕದಲ್ಲಿ ನನಗೆ ಯಾರೂ ಇಲ್ಲ, ಮಾವಿನ ಮರದ ಕೆಳಗೆ ಮಲಗುತ್ತಿದ್ದೆ, ಹೋಮ್ ನನ್ನನ್ನು ಎತ್ತಿಕೊಂಡಿತು.’ ಅವಳು ಅದನ್ನು ನಮ್ಮ ಚಿಚೆವಾ ಮಾತಿನಲ್ಲೇ ಹೇಳಬೇಕು, ಪಕ್ಕದಲ್ಲಿ ನಿಂತು ನಾನು ಇಂಗ್ಲಿಷಿಗೆ ತಿರುಗಿಸಬೇಕು. ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಅನಾಥೆ ಇಂಗ್ಲಿಷ್ ಮಾತಾಡಿದರೆ ಅತಿಥಿಗಳ ಕಣ್ಣಲ್ಲಿ ನೀರು ಕಡಿಮೆ ಬರುತ್ತದೆ ಅಂತ ಪಾಸ್ಟರ್ ಲೆಕ್ಕ. ಗಣಿತ ಅವರಿಗೂ ಬರುತ್ತಿತ್ತು, ನೋಡಿ.

ಮಲಿತಾಳ ಅಪ್ಪ ಅಮ್ಮ ಸತ್ತಿದ್ದು ನಿಜ. ಮಾವಿನ ಮರ ಸುಳ್ಳು. ಅಮ್ಮ ಕಣ್ಣು ಮುಚ್ಚಿದ ಮೇಲೆ ಚಿಕ್ಕಮ್ಮ ಫಲೆಸಿ ಅವಳನ್ನು ತನ್ನ ಮಕ್ಕಳ ಜೊತೆಗೇ ಬೆಳೆಸಿದ್ದಳು. ನಮ್ಮಲ್ಲಿ ತಾಯಿಯ ತಂಗಿ ಇರುವ ಮಗುವಿಗೆ ತಬ್ಬಲಿ ಅಂದರೆ ಅಂದವನ ಹಲ್ಲು ಉಳಿಯುವುದಿಲ್ಲ. ಆ ಹಳ್ಳಿಯ ಶಾಲೆ ನಾಲ್ಕನೇ ತರಗತಿಗೆ ಮುಗಿಯುತ್ತದೆ. ಹೋಮ್‌ನವರು ಬಂದು ಎಂಟರವರೆಗೆ ಓದಿಸುತ್ತೇವೆ, ಅಲ್ಲೇ ಇರಬಹುದು ಅಂದರು. ಮನೆಯವರು ಬೋರ್ಡಿಂಗ್ ಶಾಲೆ ಅಂದುಕೊಂಡರು. ತಗಡಿನ ಟ್ರಂಕು ಕೊಟ್ಟು, ಹೆಡ್‌ಮಾಸ್ಟರಿಗೆ ಅಂತ ಒಂದು ಕೋಳಿ ಕೊಟ್ಟು, ಮಗುವನ್ನು ಬಿಟ್ಟು ಹೋದರು. ಆಮೇಲೆ ನೋಡಲು ಬಂದಾಗಲೆಲ್ಲ ಗೇಟಿನವನು ಇವತ್ತು ಪ್ರಾರ್ಥನೆ ಇದೆ, ಇವತ್ತು ಅತಿಥಿಗಳಿದ್ದಾರೆ ಅಂತ ಸಾಗಹಾಕಿದ. ದೊಡ್ಡ ಶಾಲೆಗಳ ಶಿಸ್ತೇ ಹಾಗಿರುತ್ತೇನೋ ಅಂತ ಅವರು ಸುಮ್ಮನಾದರು.

ಪರೀಕ್ಷೆ ಹತ್ತಿರ ಬಂದಾಗ ಪಾಸ್ಟರ್ ನನ್ನನ್ನು ಆಫೀಸಿಗೆ ಕರೆದರು. ಮುಖ ಅರಳಿತ್ತು.

"ಎಸ್ನಾತಿ ಮೇಡಂ, ದೇವರು ದೊಡ್ಡ ಬಾಗಿಲು ತೆಗೆದ. ನಮ್ಮ ಗಾಯನ ತಂಡ ಅಮೆರಿಕಕ್ಕೆ ಹೊರಟಿದೆ. ಊರೂರು ತಿರುಗಿ ಹಾಡೋದು."

"ಒಳ್ಳೇದು ಪಾಸ್ಟರ್. ಯಾವಾಗ?"

ಅವರು ತಿಂಗಳು ಹೇಳಿದರು. ಪರೀಕ್ಷೆಯ ತಿಂಗಳು.

"ಮಲಿತಾನ ಬಿಟ್ಟು ತಾನೇ?" ಅಂದೆ.

"ಮಲಿತಾನ ಬಿಟ್ಟು ಯಾರನ್ನ ಕರ್ಕೊಂಡು ಹೋಗಲಿ? ನಿಮ್ಮನ್ನಾ?" ಅಂತ ನಕ್ಕರು. "ಪರೀಕ್ಷೆ ಮುಂದಿನ ವರ್ಷವೂ ಬರುತ್ತೆ ಮೇಡಂ. ವಿಮಾನ ಪ್ರತಿ ವರ್ಷ ಬರಲ್ಲ."

"ತಮಂದಾನಿಗೂ ಹೀಗೇ ಅಂದಿದ್ರಿ."

ತಮಂದಾನಿ ಇದಕ್ಕೆ ಮೊದಲಿನ ಹಾಡುಗಾತಿ. ಒಂದು ಪ್ರವಾಸಕ್ಕೆ ಒಂದು ಪರೀಕ್ಷೆ ಹೋಯಿತು, ಇನ್ನೊಂದು ಪ್ರವಾಸಕ್ಕೆ ಇನ್ನೊಂದು. ಚಿಕ್ಕ ಹುಡುಗಿಯರ ಜೊತೆ ಅದೇ ಬೆಂಚಿನಲ್ಲಿ ಕೂರಲು ನಾಚಿಕೆಯಾಗಿ ಓದು ಬಿಟ್ಟಳು. ಈಗ ಹೋಮ್‌ನ ಅಡುಗೆಮನೆಯಲ್ಲಿ ಹಂಡೆಯಷ್ಟು ಪಾತ್ರೆಯಲ್ಲಿ ಮುದ್ದೆ ತಿರುವುತ್ತಾಳೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ.

"ತಮಂದಾನಿಗೆ ಕೆಲಸ ಕೊಟ್ಟಿಲ್ವಾ? ಊರು ಉಪಕಾರ ಅರಿಯದು ಅಂತಾರಲ್ಲ, ಹಾಗಾಯ್ತು ನಿಮ್ಮದು," ಅಂದರು ಪಾಸ್ಟರ್. "ಮಲಿತಾ ಮನೆಯವರ ಒಪ್ಪಿಗೆನೂ ಆಗಿದೆ. ನಾನೇ ಹೋಗಿ ಅವಳ ದೊಡ್ಡಪ್ಪನ ಹೆಬ್ಬೆಟ್ಟು ಹಾಕಿಸ್ಕೊಂಡು ಬಂದೆ. ಹಿರಿಯ ಮನುಷ್ಯ, ಖುಷಿಪಟ್ಟ."

ನನಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. ಪಾಸ್ಟರ್ ಬಡಗಣ ಸೀಮೆಯವರು. ಅಲ್ಲಿ ಹಸು ಕೊಟ್ಟು ಹೆಣ್ಣು ತರುತ್ತಾರೆ, ಹುಟ್ಟಿದ ಮಕ್ಕಳು ಅಪ್ಪನ ಕುಲಕ್ಕೆ. ನಮ್ಮ ದಂಡೆಯಲ್ಲಿ ಮಗು ತಾಯಿಯ ಕುಲಕ್ಕೆ. ಗಂಡ ಹೆಂಡತಿಯ ಊರಿಗೆ ಬಂದು ಗುಡಿಸಲು ಕಟ್ಟುತ್ತಾನೆ, ಅವನಿಗೆ ಎರವಲು ಹುಂಜ ಅನ್ನುತ್ತೇವೆ. ಮಗುವಿನ ಮೇಲೆ ಮಾತು ನಡೆಯುವುದು ಸೋದರಮಾವನದು. ಶಾಲೆಗೆ ಹಾಕುವುದು, ಮದುವೆ ಮಾಡುವುದು, ಊರು ಬಿಟ್ಟು ಕಳಿಸುವುದು, ಎಲ್ಲಕ್ಕೂ ಅವನೇ ಹೂಂ ಅನ್ನಬೇಕು. ಇಷ್ಟು ವರ್ಷ ನಮ್ಮ ನಡುವೆ ಇದ್ದು, ನಮ್ಮ ಮಕ್ಕಳನ್ನೇ ಗುಡ್ಡೆ ಹಾಕಿಕೊಂಡು, ಈ ಮನುಷ್ಯ ಒಬ್ಬರನ್ನೂ ಕೇಳದೆ ಎರವಲು ಹುಂಜದ ಅಣ್ಣನ ಹೆಬ್ಬೆಟ್ಟು ತಂದಿದ್ದರು. ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದ್ದರೆ ಸಂಜೆಯೊಳಗೆ ಸಕ್ಕರೆ ಮೂಟೆಯ ಆಮಿಷ ತೋರಿಸಿ ಮಾವನ ಹೆಬ್ಬೆಟ್ಟನ್ನೂ ತಂದುಬಿಡುತ್ತಿದ್ದರು.

ಆ ಮಧ್ಯಾಹ್ನ ಮಲಿತಾ ಹಲಗೆ ಒರೆಸುತ್ತಾ ನನ್ನನ್ನು ಕೇಳಿದಳು.

"ಮೇಡಂ, ಹಾಡೋಕೆ ಹೋಗಿ ಬಂದ್ಮೇಲೆ ನಾನು ಮತ್ತೆ ಎಂಟನೇ ಕ್ಲಾಸಾ?"

"ನಿಂಗೆ ಹೋಗೋಕೆ ಆಸೆ ಇದ್ಯಾ?"

"ವಿಮಾನ ನೋಡೋಕೆ ಆಸೆ ಇದೆ," ಅಂದಳು. ಹಲಗೆಯ ಮೂಲೆ ಒರೆಸಿ, "ತಮಂದಾನಿ ಅಕ್ಕನೂ ನೋಡಿದ್ಲಂತೆ. ಒಳಗೆ ತುಂಬಾ ಚಳಿ ಅಂತೆ," ಅಂದಳು. ಮತ್ತೆ, "ನಂಗೆ ಪರೀಕ್ಷೆ ಬರೀಬೇಕು ಮೇಡಂ. ಪಾಸ್ಟರಿಗೆ ಹೇಳೋಕೆ ನಂಗೆ ಭಯ," ಅಂದಳು.

ಶನಿವಾರ ನಾನು ಬಾಡಿಗೆ ಸೈಕಲ್ಲಿನ ಹಿಂದೆ ಕೂತು ಅವಳ ಹಳ್ಳಿಗೆ ಹೋದೆ. ಸೋದರಮಾವ ಲುಸಿಯಾನೊ ದಂಡೆಯ ಬಿದಿರು ಚಪ್ಪರದ ಮೇಲೆ ಉಸಿಪಾ ಮೀನು ಹರವುತ್ತಿದ್ದ. ಬೆರಳುದ್ದದ ಮೀನು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಚಿಕ್ಕಮ್ಮ ಫಲೆಸಿ ಪಕ್ಕದಲ್ಲೇ ಒರಳಿಗೆ ಜೋಳ ಹಾಕಿ ಕುಟ್ಟುತ್ತಿದ್ದಳು. ಚಾಪೆ ಹಾಸಿದರು, ನೀರು ಕೊಟ್ಟರು, ಮನೆಯವರ ಕ್ಷೇಮವೆಲ್ಲ ಕೇಳಿ ಮುಗಿಸಿದರು. ಆಮೇಲೆ ನಾನು ಅಮೆರಿಕದ ಮಾತು ತೆಗೆದೆ.

"ಶಾಲೆಯವರು ಕರ್ಕೊಂಡು ಹೋಗ್ತಾರೆ ಅಂದ್ರೆ ಓದಿಗೇ ಇರ್ಬೇಕಲ್ವಾ, ಟೀಚರಮ್ಮ?" ಅಂದ ಲುಸಿಯಾನೊ.

"ಓದು ಬಿಡಿಸಿ ಕರ್ಕೊಂಡು ಹೋಗ್ತಿದ್ದಾರೆ. ನಿಮ್ಮನ್ನ ಕೇಳಿದ್ರಾ?"

"ನನ್ನನ್ಯಾಕೆ ಕೇಳ್ತಾರೆ, ಮೀನು ಮಾರೋನನ್ನ."

"ಅವಳ ದೊಡ್ಡಪ್ಪನ ಹೆಬ್ಬೆಟ್ಟು ತಗೊಂಡಿದ್ದಾರೆ."

ಅವನ ಕೈ ನಿಂತಿತು. "ಯಾವ ದೊಡ್ಡಪ್ಪ? ಆ ಕುಡುಕನಾ? ಅವನಿಗೂ ಈ ಮಗೂಗೂ ಏನು ಸಂಬಂಧ? ನಮ್ಮ ಕೋಳಿ ಮರಿ ಮಾಡಿದ್ರೆ ಅವನೂರಲ್ಲಿ ಯಾಕೆ ಹಬ್ಬ?"

ಆಗ ನಾನು ಸಾಕ್ಷಿಯ ವಿಷಯವನ್ನೂ ಹೇಳಿದೆ. ಮಲಿತಾ ಏನು ಹೇಳುತ್ತಾಳೋ ಅದನ್ನು ಅಕ್ಷರ ಬಿಡದೆ ಹೇಳಿದೆ. ಅವರಿಗೆ ನೋವಾಗಲಿ ಅಂತಲೇ ಹೇಳಿದೆ.

ಒನಕೆ ಹಿಡಿದೇ ಫಲೆಸಿ ಕೇಳಿದಳು. "ನನ್ನ ಬಗ್ಗೆ ಏನಂತಾಳೆ?"

"ನಿಮ್ಮ ಹೆಸರೇ ಇಲ್ಲ, ಅಮ್ಮ. ಅವಳು ಹೇಳೋದಲ್ಲ ಅದು, ಅವಳ ಕೈಲಿ ಹೇಳಿಸೋದು."

"ನನ್ನ ಮಗನಿಗೆ ಎಡಗಡೆ, ಅವಳಿಗೆ ಬಲಗಡೆ ಹಾಲು ಕೊಟ್ಟಿದ್ದೀನಿ," ಅಂದಳು ಫಲೆಸಿ. ಮತ್ತೆ ಕುಟ್ಟಲು ಶುರುಮಾಡಿದಳು. ಅಷ್ಟು ಜೋರಾಗಿ ಕುಟ್ಟಿದರೆ ಒರಳು ಸೀಳುತ್ತದೆ ಅಂತ ಅನ್ನಿಸಿತು.

ಲುಸಿಯಾನೊ ಚಪ್ಪರದ ಮೀನನ್ನೆಲ್ಲ ಒಂದೊಂದಾಗಿ ಮಗುಚಿದ. ಕೊನೆಗೆ, "ಅವರ ದೊಡ್ಡ ಅತಿಥಿಗಳು ಯಾವತ್ತು ಬರ್ತಾರೆ?" ಅಂತಷ್ಟೇ ಕೇಳಿದ.

ಅತಿಥಿಗಳು ಬಂದರು. ಪ್ರವಾಸದ ಖರ್ಚು ಹೊತ್ತ ಚರ್ಚಿನವರು. ಮುಂದೆ ಕುರ್ಚಿಗಳಲ್ಲಿ ಅವರು, ಹಿಂದೆ ನೆಲದ ಮೇಲೆ ಮಕ್ಕಳು. ಮಲಿತಾಳಿಗೆ ನೀಲಿ ನಿಲುವಂಗಿ, ಬಿಳಿ ಕಾಲರು, ಹೊಸ ಬೂಟು. ಹಾಡು ಮುಗಿಯಿತು. ಅವಳು ಸಾಕ್ಷಿ ಶುರುಮಾಡಿದಳು, ನಾನು ಪಕ್ಕದಲ್ಲಿ ನಿಂತು ತಿರುಗಿಸುತ್ತಾ ಹೋದೆ. ತಂದೆ ಸತ್ತರು. ತಾಯಿ ಸತ್ತರು. ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು.

"ಈ ಲೋಕದಲ್ಲಿ ನನಗೆ," ಅಂದಳು ಮಲಿತಾ.

"ಒಡಿ," ಅಂತ ಬಾಗಿಲಿನಿಂದ ಕೇಳಿಸಿತು.

ನಮ್ಮಲ್ಲಿ ಯಾರ ಹೊಸ್ತಿಲಿಗೆ ಬಂದರೂ ಒಡಿ ಅಂದು ನಿಲ್ಲಬೇಕು, ಒಳಗಿನವರು ಬನ್ನಿ ಅನ್ನುವ ತನಕ ಕಾಲಿಡಬಾರದು. ಲುಸಿಯಾನೊ ಚರ್ಚಿಗೆ ಹಾಕುವ ಕಪ್ಪು ಕೋಟು ತೊಟ್ಟು, ಕಂಕುಳಲ್ಲಿ ಕೆಂಪು ಕೋಳಿ ಹಿಡಿದು ನಿಂತಿದ್ದ. ಗೇಟಿನವನು ಅವನ ಹಿಂದೆ ಓಡಿಬಂದು ಏದುಸಿರು ಬಿಡುತ್ತಿದ್ದ.

ಮಲಿತಾಳ ಬಾಯಿ ಅಲ್ಲೇ ನಿಂತಿತು. ಅವಳು ಒಂದು ಕ್ಷಣವೂ ಯೋಚಿಸಿದ ಹಾಗೆ ನನಗೆ ಕಾಣಲಿಲ್ಲ. ಸೋದರಮಾವ ಬಂದಾಗ ಹೆಣ್ಣುಮಗು ಮಂಡಿಯೂರಬೇಕು, ಅದು ನಮ್ಮ ಹುಡುಗಿಯರ ಮೊಣಕಾಲಿಗೇ ಗೊತ್ತಿರುತ್ತದೆ. ಅವಳು ವೇದಿಕೆಯ ಮೇಲೆ ಮಂಡಿಯೂರಿ, ಅಂಗೈ ಕೂಡಿಸಿ ಮೆಲ್ಲಗೆ ತಟ್ಟಿ, ತಲೆ ತಗ್ಗಿಸಿದಳು.

ಅತಿಥಿಗಳು ಅದನ್ನು ಪ್ರಾರ್ಥನೆ ಅಂದುಕೊಂಡರು. ಸಾಲುಸಾಲಾಗಿ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ಪಾಸ್ಟರ್ ಕೂಡಲೇ ಅದನ್ನೇ ಹಿಡಿದುಕೊಂಡು ಗಟ್ಟಿಯಾಗಿ ಆಮೆನ್ ಅಂದರು. ಆ ಆಮೆನ್ ಕೇಳಿ ನನ್ನ ಮೈಯೆಲ್ಲ ಉರಿಯಿತು.

"ಬನ್ನಿ ಮಾವ," ಅಂದಳು ಮಲಿತಾ. "ಚೆನ್ನಾಗಿದ್ದೀರಾ?"

"ನೀನು ಚೆನ್ನಾಗಿದ್ರೆ ನಾನೂ ಚೆನ್ನಾಗಿದ್ದೀನಿ, ಮಗಳೇ."

"ಚಿಕ್ಕಮ್ಮ ಹೇಗಿದ್ದಾಳೆ?"

"ಇದ್ದಾಳೆ. ನಿನ್ನ ಟೀಚರಮ್ಮನಿಗೆ ಅಂತ ಕೋಳಿ ಕಳಿಸಿದ್ದಾಳೆ."

ಕರವಸ್ತ್ರದ ಹೆಂಗಸು ಕಣ್ಣು ತೆರೆದು, ಏನು ಹೇಳುತ್ತಿದ್ದಾಳೆ ಅಂತ ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪಾಸ್ಟರ್, ಹುಡುಗಿ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಾಳೆ, ಈತ ನಮ್ಮ ತೋಟ ನೋಡಿಕೊಳ್ಳುವವನು ಅಂದರು.

ತಿರುಗಿಸಿ ಹೇಳಲು ನನ್ನನ್ನು ನಿಲ್ಲಿಸಿದವರು ಅವರೇ. ನಾನು ತಿರುಗಿಸಿದೆ. "ಇವರು ಇವಳ ತಾಯಿಯ ಅಣ್ಣ. ನಮ್ಮ ಪದ್ಧತಿಯಲ್ಲಿ ಈ ಮಗುವಿನ ಹಿರಿಯರು ಇವರೇ. ಅವಳು ಇವರ ಕ್ಷೇಮ ಕೇಳುತ್ತಿದ್ದಾಳೆ, ತನ್ನನ್ನು ಹಾಲು ಕೊಟ್ಟು ಸಾಕಿದ ಚಿಕ್ಕಮ್ಮನ ಕ್ಷೇಮವನ್ನೂ ಕೇಳುತ್ತಿದ್ದಾಳೆ," ಅಂತ ಇಂಗ್ಲಿಷಿನಲ್ಲಿ, ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದೆ.

ಪಾಸ್ಟರ್ ನ್ಯಿರೊಂಗೊ ಅತಿಥಿಗಳ ಕಡೆ ಒಂದು ನಗು ಬೀರಿದರು. ಆಮೇಲೆ ಲುಸಿಯಾನೊನ ಕಡೆ ತಿರುಗಿ ಚಿಚೆವಾದಲ್ಲಿ ಕೇಳಿದರು.

"ಇಷ್ಟು ವರ್ಷ ಎಲ್ಲಿದ್ದೆ ನೀನು? ನಾವು ಮುದ್ದೆ ಹಾಕುವಾಗ ಎಲ್ಲಿತ್ತು ನಿನ್ನ ಮಾವತನ?"

"ನಿಮ್ಮ ಗೇಟಿನ ಹೊರಗಿತ್ತು," ಅಂದ ಲುಸಿಯಾನೊ. ದನಿ ಏರಿಸಲಿಲ್ಲ. "ಓದಿಸ್ತೀವಿ ಅಂದ್ರಿ, ಕಳಿಸಿದ್ವಿ. ಮೇಯಿಸೋಕೆ ಅಂತ ಪಕ್ಕದ ಮನೆಗೆ ಮೇಕೆ ಬಿಟ್ರೆ, ಪಕ್ಕದ ಮನೆಯವನು ಅದರ ಕಿವಿಗೆ ತನ್ನ ಗುರುತು ಹಾಕ್ತಾನಾ?"

"ನಿನ್ನ ಮಗುವನ್ನ ನಾವು ಮನುಷ್ಯಳನ್ನ ಮಾಡಿದ್ವಿ."

"ಮನುಷ್ಯಳು ಮನೆಯಿಂದಲೇ ಬಂದಿದ್ಲು. ಲೆಕ್ಕ ಕಲಿಸಿದ್ರಿ, ಅದಕ್ಕೆ ಈ ಟೀಚರಮ್ಮನಿಗೆ ಕೋಳಿ ತಂದಿದ್ದೀನಿ. ಮಗು ವಿಮಾನ ಹತ್ತಲ್ಲ. ಪರೀಕ್ಷೆ ಬರೀತಾಳೆ. ನಾನು ಹೂಂ ಅಂದಿಲ್ಲ."

ನಾನು ಪ್ರತಿ ಮಾತನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಮೇಕೆಯನ್ನೂ ಬಿಡಲಿಲ್ಲ.

ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕ ನಾಚಿಕೆಯಿಂದ ಟೋಪಿ ಹಿಡಿದು ನೆಲ ನೋಡುತ್ತಾ ಕೂತ. ಕರವಸ್ತ್ರದ ಹೆಂಗಸು ಮಾತ್ರ ಪಾಸ್ಟರ್ ಹತ್ತಿರ ಹೋಗಿ ಮೆತ್ತಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. ಹಾಗಾದರೆ ಬೇರೆ ಹುಡುಗಿ ಯಾರಾದರೂ ಇದ್ದಾಳಾ ಅಂತ ಕೇಳಿದಳು. ಕೆಟ್ಟ ಹೆಂಗಸಲ್ಲವಂತೆ, ಊರಲ್ಲಿ ಬಡವರಿಗೆ ಸ್ವೆಟರ್ ಹೆಣೆಯುತ್ತಾಳಂತೆ. ನನಗೆ ಆ ಮಾತನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ.

"ಕರ್ಕೊಂಡು ಹೋಗು," ಅಂದರು ಪಾಸ್ಟರ್. "ಆದ್ರೆ ಅವಳ ಮೈ ಮೇಲಿರೋದೆಲ್ಲ ಹೋಮ್‌ದು."

ಮಲಿತಾ ಎದ್ದಳು. ಬೂಟು ಬಿಚ್ಚಿ ಜೋಡಿಯಾಗಿ ಇಟ್ಟಳು. ಕಾಲರು ಬಿಚ್ಚಿದಳು. ನಿಲುವಂಗಿಗೆ ಕೈ ಹಾಕಿದಾಗ ನಾನು ಸೊಂಟಕ್ಕೆ ಸುತ್ತಿಕೊಂಡಿದ್ದ ಮೇಲುಬಟ್ಟೆ ಬಿಚ್ಚಿ ಅವಳ ಸುತ್ತ ಅಡ್ಡ ಹಿಡಿದೆ, ಯಾಕೆಂದರೆ ಹಿಂದಿನಿಂದ ಯಾರೋ ಆಗಲೇ ಫೋಟೋ ತೆಗೆಯುತ್ತಿದ್ದರು. ಆ ಬಟ್ಟೆಯನ್ನೇ ಸುತ್ತಿಕೊಂಡು ಅವಳು ಪಾಸ್ಟರ್ ಮುಂದೆ ಮಂಡಿಯೂರಿದಳು. ಇಷ್ಟು ವರ್ಷ ಊಟ ಹಾಕಿದ್ದಕ್ಕೆ ದೇವರು ನಿಮಗೆ ಒಳ್ಳೆಯದು ಮಾಡಲಿ ಅಂದಳು. ಹಾಗನ್ನು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಕೆಲಸ ಅವತ್ತೇ ಹೋಯಿತು. ಕೋಳಿ ನನ್ನ ಜೊತೆ ಬಂತು.

ಪರೀಕ್ಷೆ ಸರ್ಕಾರದ್ದು, ಕೇಂದ್ರ ಮಾತ್ರ ಹೋಮ್‌ನ ಶಾಲೆ. ಮೊದಲ ದಿನ ಗೇಟಿನವನು ಮಲಿತಾಳನ್ನು ತಡೆದ. ನೀನು ಈಗ ನಮ್ಮವಳಲ್ಲ ಅಂದ. ನಾನು, ಲುಸಿಯಾನೊ, ಫಲೆಸಿ ಮೂವರೂ ಜೊತೆಗೆ ಹೋಗಿದ್ದೆವು. ಫಲೆಸಿ ಅವನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ, ಅವನ ತಾಯಿಯ ತಾಯಿಯವರೆಗೂ ಹೋಯಿತು. ಗಲಾಟೆಗೆ ಪ್ರಶ್ನೆಪತ್ರಿಕೆ ಕಾಯುತ್ತಿದ್ದ ಪೊಲೀಸಿನವನು ಎದ್ದು ಬಂದ. ಮಗುವಿನ ನಂಬರು ಕೇಳಿದ, ಅವಳು ಬಾಯಿಪಾಠ ಹೇಳಿದಳು. "ಬಿಡಯ್ಯ ಒಳಗೆ. ಕೂಸು ಬರೆಯೋಕೆ ಬಂದಿದ್ಯೋ ಕದಿಯೋಕೆ ಬಂದಿದ್ಯೋ?" ಅಂದ. ಅವಳು ಬರಿಗಾಲಲ್ಲಿ ಒಳಗೆ ಹೋದಳು. ಹಾಡುವ ತಂಡ ಆ ವಾರವೇ ಹೊರಟಿತು, ಮುಂದೆ ನಿಂತು ಹಾಡಲು ಆರನೇ ತರಗತಿಯ ಒಂದು ಹುಡುಗಿಯನ್ನು ಹಿಡಿದಿದ್ದರು.

ಫಲಿತಾಂಶ ಬಂದಾಗ ನಮ್ಮ ಸೀಮೆಯಿಂದ ದೊಡ್ಡ ಹೆಣ್ಣುಮಕ್ಕಳ ಹೈಸ್ಕೂಲಿಗೆ ಆಯ್ಕೆಯಾದವಳು ಮಲಿತಾ ಒಬ್ಬಳೇ. ಫಲೆಸಿ ಕೇಕೆ ಹಾಕಿದ್ದು ದೋಣಿಯವರಿಗೂ ಕೇಳಿತು. ಟ್ರಂಕು ಹೊತ್ತು ಅವಳು ಬಸ್ ಹತ್ತಿದಳು. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ನಾನೀಗ ಸರ್ಕಾರಿ ಶಾಲೆಯಲ್ಲಿ, ಹಲಗೆಯನ್ನು ಮರಕ್ಕೆ ಒರಗಿಸಿಕೊಂಡು ಕಲಿಸುತ್ತೇನೆ. ಒಂದು ಸಂಜೆ ಮನೆಗೆ ಹೊರಟವಳನ್ನು ಲುಸಿಯಾನೊ ಕೂಗಿ ಕರೆದ. ಹೆದ್ದಾರಿಯಿಂದ ಹೋಮ್‌ಗೆ ತಿರುಗುವ ಕೂಡುದಾರಿಯಲ್ಲಿ ಅವನು ಒಣಮೀನು ಹರವಿಕೊಂಡು ಕೂರುತ್ತಾನೆ. ಅಲ್ಲಿ ಹೊಸದಾಗಿ ದೊಡ್ಡ ಬೋರ್ಡು ನೆಟ್ಟಿದ್ದರು. ಬೋರ್ಡಿನಲ್ಲಿ ಮಲಿತಾ, ನೀಲಿ ನಿಲುವಂಗಿಯಲ್ಲಿ, ಆಳೆತ್ತರಕ್ಕೆ ನಗುತ್ತಿದ್ದಳು.

"ನಮ್ಮ ಮಗೂನೇ ತಾನೇ ಇದು?" ಅಂದ.

"ಹೌದು."

"ಕೆಳಗೆ ಇಂಗ್ಲಿಷಲ್ಲಿ ಏನೋ ಬರೆದಿದ್ದಾರೆ. ಹೈಸ್ಕೂಲಿಗೆ ಹೋದ್ಲು ಅಂತಾನಾ?"

"ಅದೂ ಇದೆ. ಇಡೀ ಬಳಗವನ್ನು ಕಳೆದುಕೊಂಡು ಬೀದಿಯಲ್ಲಿದ್ದ ಮಗುವನ್ನು ನಾವು ಓದಿಸಿದೆವು, ಇಂಥ ಇನ್ನೂ ಮಕ್ಕಳಿದ್ದಾರೆ, ಒಳಗೆ ಬನ್ನಿ ಅಂತ ಇದೆ."

ಅವನು ಬೋರ್ಡನ್ನು ಇನ್ನೊಮ್ಮೆ ನೋಡಿದ. ಒಂದು ಹಿಡಿ ಮೀನು ಕೈಯಲ್ಲೇ ಇತ್ತು.

"ಅಂದ್ರೆ ಇದರಲ್ಲಿ ನಾನು ಸತ್ತಿದ್ದೀನಾ?"

"ಸತ್ತಿದ್ದೀರಿ."

"ಫಲೆಸಿ?"

"ಅವಳೂ."

ಅವನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಪಕ್ಕದಲ್ಲಿ ಮೆಕ್ಕೆಜೋಳ ಸುಡುವವಳ ಒಲೆಗೆ ಹೋಗಿ, ಆರಿದ ಇದ್ದಿಲಿನಲ್ಲಿ ದೊಡ್ಡದೊಂದನ್ನು ಆರಿಸಿ ತಂದು ನನ್ನ ಕೈಗೆ ಇಟ್ಟ.

"ಬರೀರಿ ಟೀಚರಮ್ಮ," ಅಂದ. "ಅವರಿಗೆ ಓದೋಕೆ ಬರೋ ಭಾಷೇಲೇ ಬರೀರಿ."

ನಾನು ಬೋರ್ಡಿನ ತಳದಲ್ಲಿ, ಕಾರಿನಲ್ಲಿ ಕೂತವರಿಗೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದೆ. ‘ಇವಳ ಸೋದರಮಾವ ಇಲ್ಲೇ ಕೂತು ಮೀನು ಮಾರುತ್ತಿದ್ದಾನೆ. ಇಳಿದು ಕೇಳಿ.’ ಹೋಮ್‌ನವರು ಮರುದಿನ ತೊಳೆಸಿದರು. ನಾನು ಸಂಜೆ ಮತ್ತೆ ಬರೆದೆ. ಅವರು ಮತ್ತೆ ತೊಳೆಸಿದರು. ಈಗ ಜೋಳದವಳು ನನಗೆ ಅಂತಲೇ ಇದ್ದಿಲು ಎತ್ತಿಡುತ್ತಾಳೆ.

ಮೊನ್ನೆ ಒಂದು ಬಿಳಿ ಕಾರು ತಿರುವಿನಲ್ಲಿ ನಿಂತಿತು. ಗಾಜು ಇಳಿಯಿತು. ಒಳಗಿನವರು ಓದಿದರು, ತಮ್ಮೊಳಗೇ ಏನೋ ಮಾತಾಡಿಕೊಂಡರು. ಲುಸಿಯಾನೊ ಕೈಯಲ್ಲಿದ್ದ ಮೀನು ಕೆಳಗಿಟ್ಟು, ಕೈ ಒರೆಸಿಕೊಂಡು, ಈಗ ದಿನವೂ ತೊಟ್ಟು ಬರುವ ಆ ಕಪ್ಪು ಕೋಟು ಸರಿಮಾಡಿಕೊಂಡು ಎದ್ದು ನಿಂತ.